ಜೋಶಿ ಸರ್

ಹೆಸರು ಜೋಸಿಯಾಸ್, ಊರು ಬ್ರೆಜಿಲ್ಲಿನ ರೆಸಿಫೆ.
ಝುವಾರಿನಗರದ ಹುಡುಗರು ಮೊದಲ ಸಂಜೆಯೇ
ಅವನನ್ನು ಜೋಶಿ ಸರ್ ಮಾಡಿಬಿಟ್ಟರು.
ಧಾರವಾಡದಲ್ಲಿ ನಾ ಕಂಡ ಜೋಶಿಯವರಾರೂ
ಗೋಲು ಬಿಟ್ಟುಕೊಟ್ಟು, ಮರಳಲ್ಲಿ ಅಂಗಾತ ಬಿದ್ದು
ಹೀಗೆ ನಕ್ಕವರಲ್ಲ.

ಬೇತಾಳಭಾಟಿಯ ಶಾಲೆ. ಮೇ ತಿಂಗಳು.
ಹತ್ತು ದಿನದ ಶಿಬಿರ, ಎಂಬತ್ತು ಮಕ್ಕಳು,
ಬಾದಾಮಿ, ರೋಣ, ಹುನಗುಂದ ಬಿಟ್ಟು ಬಂದ
ಗೌಂಡಿಗಳ, ಬಂದರಿನ ಹಮಾಲರ ಮಕ್ಕಳು.
ಅವನ ಹರಕು ಇಂಗ್ಲಿಷನ್ನು ಕನ್ನಡ ಮಾಡಲು
ಬೆಟಗೇರಿಯಿಂದ ನನ್ನನ್ನು ಕರೆಸಿದ್ದರು.

ಅವನಿಗೆ ಇಪ್ಪತ್ತು ತುಂಬಿರಲಿಲ್ಲ.
ಸೊಳ್ಳೆ ಕಚ್ಚಿದ ಕಾಲು ಕೆರೆಯುತ್ತ
ನಾಳಿನ ಪಾಠ ಬರೆದುಕೊಳ್ಳುತ್ತಿದ್ದ.
ಅಡುಗೆಯ ಮುದುಕಿ ಪಿಯದಾದೆ ಮಾತ್ರ
ಕಿಟಕಿಯಿಂದ ಅವನನ್ನು ಪೋರ್ಚುಗೀಸಿನಲ್ಲಿ ಕರೆಯುತ್ತಿದ್ದಳು,
ನಲವತ್ತು ವರ್ಷ ಪೆಟ್ಟಿಗೆಯಲ್ಲಿಟ್ಟ ಸೀರೆಯಂಥ ಪೋರ್ಚುಗೀಸು,
ಮಡಿಕೆ ಮಡಿಕೆಯಲ್ಲೂ ನುಸಿಗುಳಿಗೆ ವಾಸನೆ.
ಅವರು ಏನು ಮಾತಾಡಿದರೋ
ಅದು ನನ್ನ ಪಾಲಿಗಲ್ಲ.

ನಾಲ್ಕನೆಯ ರಾತ್ರಿ ಸಾಕ್ಷಿ ಹೇಳಲು ಎದ್ದ.
ತಾಯಿ, ವಿಮಾನ ನಿಲ್ದಾಣ, ಅಷ್ಟಕ್ಕೇ ಗಂಟಲು ಕಟ್ಟಿತು.
'ನಾನು ಇಲ್ಲಿಗೆ ಯಾಕೆ ಬಂದೆನೋ ಗೊತ್ತಿಲ್ಲ' ಅಂದ.
ನಾನು ಹೇಳಿದೆ:
'ದೇವರು ತಮ್ಮ ಮಹಾ ಕೃಪೆಯಿಂದ
ನನ್ನನ್ನು ನಿಮ್ಮ ಬಳಿಗೆ ಕಳಿಸಿದ್ದಾರೆ.'

ಮುಂದಿನ ಸಾಲಿನಿಂದ ಹುಲಿಗೆವ್ವ ಕೈ ಎತ್ತಿದಳು.
'ಅಕ್ಕಾರ, ಸರ್ ಅಷ್ಟ್ ಉದ್ದ ಹೇಳ್ಲಿಲ್ರಿ.'

ನಮ್ಮ ಚರ್ಚಿನ ಹಿಂದೆ ಒಬ್ಬ ಜರ್ಮನ್ ಪಾದ್ರಿಯ ಗೋರಿ ಇದೆ.
ಅಕ್ಷರ ಸವೆದ ಆ ಕಲ್ಲಿನ ಮೇಲೆ ಕೂತು
ಉಪ್ಪು ಹಚ್ಚಿ ಹುಣಸೆಕಾಯಿ ತಿಂದಿದ್ದೇವೆ.
ಕನ್ನಡ ಕಲಿತವನು, ನಮ್ಮ ಮುತ್ತಜ್ಜನಿಗೆ ಓದು ಕಲಿಸಿದವನು.
ಅವನೂ ಯಾವತ್ತಾದರೂ ಹೀಗೆ
ಮಾತಿನ ನಡುವೆ ನಿಂತಿದ್ದನೇ?
ಆಗ ಪಕ್ಕದಲ್ಲಿ ನನ್ನಂಥವಳು ಯಾರಿದ್ದಳು,
ಏನು ಸೇರಿಸಿದಳು?

'ಊರ್ ನೆನಪಾಗೇತೇನ್, ಕೇಳ್ರಿ.'
ಕೇಳಿದೆ. ತಲೆಯಾಡಿಸಿದ.
ಹುಲಿಗೆವ್ವ ಲಂಗ ಝಾಡಿಸಿ ಎದ್ದು ನಿಂತಳು,
ಹನ್ನೊಂದು ವರ್ಷದ ಅನುಭವಸ್ಥೆ:
'ಹೊಸದಾಗಿ ಬಂದಾಗ ನಮಗೂ ಹಂಗ ಆಗಿತ್ತು.
ಘಾಂಟಿ ಅಂತ ಕರೆದ್ರ ತಿರುಗಿ ನೋಡಬಾರ್ದು.
ಬಸ್ಸಿನ್ಯಾಗ ಕೊಂಕಣಿ ಮಾತಾಡಬೇಕು,
ಬರಲಿಲ್ಲಂದ್ರ ಸುಮ್ಮನ ಕುಂದ್ರಬೇಕು.
ನಿದ್ದಿ ಬರಲಿಲ್ಲಂದ್ರ ಅವ್ವ ರೊಟ್ಟಿ ಬಡಿಯೂ ಸಪ್ಪಳ
ನೆನಸ್ಕೊಂತ ಮಲಗಬೇಕು. ಬರತೈತಿ.'

ಈ ಸಲ ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ.
ಘಾಂಟಿ ಅಂದರೇನು, ಕೇಳಿದ.
ಘಟ್ಟದ ಆಚೆಯವರು, ಅಂದೆ.
ಉಳಿದದ್ದನ್ನು ಮಕ್ಕಳ ಮುಖ ಹೇಳಿತು.
ತುಸು ಹೊತ್ತು ಬೆರಳೆಣಿಸಿದ:
'ನನಗೆ ಮಧ್ಯೆ ಎರಡು ಸಮುದ್ರ ಬರುತ್ತವೆ.
ಅದಕ್ಕೆ ಯಾವ ಬೈಗುಳ?'
ಯಾರಿಗೂ ತಿಳಿಯಲಿಲ್ಲ. ರಾತ್ರಿಯಿಡೀ ಹುಡುಕಿದರು,
ದೀಪ ಆರಿದ ಮೇಲೂ ಚಾಪೆಗಳಿಂದ ನಗು.

ಮರುದಿನ ಒಂದು ವಾಕ್ಯ ಕಲಿಸೆಂದ.
ದೇವರು ನಿಮ್ಮನ್ನು ಪ್ರೀತಿಸುತ್ತಾನೆ, ಎಂದು ಬರೆದುಕೊಟ್ಟೆ.
ಬೇಡ, ಇನ್ನೂ ಚಿಕ್ಕದು, ಅಂದ.

ಮಧ್ಯಾಹ್ನ ಅಡುಗೆಮನೆ ಬಾಗಿಲಲ್ಲಿ
ಸೌಟಿನಿಂದ ಪಾತ್ರೆ ಬಡಿಯುತ್ತ
'ಉಣ್ಣಾಕ ಬರ್ರೀ!'
ಎಂಬತ್ತು ಮಕ್ಕಳು ಎದ್ದುಬಿದ್ದು ಓಡಿದರು.
ನಾನು ತಟ್ಟೆ ಹಿಡಿದು ಸಾಲಿನ ಕೊನೆಗೆ ನಿಂತೆ.
ನನ್ನ ಸರದಿ ಬರುವಷ್ಟರಲ್ಲಿ
ಸಾರಿನಲ್ಲಿ ಬಂಗುಡೆಯ ತಲೆಗಳಷ್ಟೇ ಉಳಿದಿದ್ದವು.