ಘಟನೆಗೆ ಕಾಲಿಲ್ಲ

ಮಾತೊಸಿನ್ಯೋಸ್, ಪೋರ್ಚುಗಲ್, ೧೯೭೯

ನಾನು ಇಡಾಲಿನಾ. ಇಪ್ಪತ್ತೆರಡು ವರ್ಷದಿಂದ
ಈ ಕೋರ್ಟಿನ ಬೆರಳಚ್ಚುಗಾರ್ತಿ.
ಸಾಕ್ಷಿ ಹೇಳಿದ್ದನ್ನಲ್ಲ,
ಸಾಕ್ಷಿ ಹೇಳಿದ್ದು ಹೀಗೆ ಎಂದು
ನ್ಯಾಯಾಧೀಶರು ಹೇಳಿದ್ದನ್ನು
ಬಡಿಯುವುದು ನನ್ನ ಕೆಲಸ.

ಅರ್ಮಿಂದಾ ಬಂದು ನಿಂತಳು.
ಸಾರ್ಡೀನ್ ಡಬ್ಬಿಯ ಕಾರ್ಖಾನೆ, ಹತ್ತೊಂಬತ್ತು ವಯಸ್ಸು,
ನಿಂಬೆಹೋಳು ತಿಕ್ಕಿ ತಿಕ್ಕಿ ಕೆಂಪಾದ ಕೈ.
ಆದರೂ ಯಾರೋ ಕಿಟಕಿ ತೆರೆಯಿರಿ ಎಂದರು.

ರಾತ್ರಿ ಎರಡಕ್ಕೆ ಯಾಕೆ ಹೋದೆ?
ಸೀಟಿ ಊದಿತು.
ದೋಣಿ ಬಂದರೆ ಸೀಟಿ, ಸೀಟಿ ಊದಿದರೆ
ಊರಿನ ಅರ್ಧ ಹೆಂಗಸರು ಹಾಸಿಗೆ ಬಿಟ್ಟು ಓಡುತ್ತಾರೆ.
ಗುಡ್ಡದ ಮೇಲಿನ ನ್ಯಾಯಾಧೀಶರ ಮನೆಗೂ ಕೇಳಿಸುತ್ತದೆ ಅದು;
ಮಗ್ಗುಲು ಬದಲಿಸುತ್ತಾರೆ.
ಬರೆಸಿದರು: ಅಪರಾತ್ರಿಯಲ್ಲಿ ಒಬ್ಬಳೇ ಹೊರಟಿದ್ದನ್ನು
ಸಾಕ್ಷಿ ಒಪ್ಪಿಕೊಂಡಿದ್ದಾಳೆ.

ಒಪ್ಪಿಕೊಂಡಿದ್ದಾಳೆ. ಕದ್ದವಳ ಹಾಗೆ.

ಕೂಗಲಿಲ್ಲವೇಕೆ?
ಕೂಗಿದೆ. ಡಬ್ಬಿ ಮುಚ್ಚುವ ಯಂತ್ರವೂ ಕೂಗುತ್ತಿತ್ತು.
ಮತ್ತೆ?
ಅವಳು ಸುಮ್ಮನಾದಳು.
ನನ್ನ ಬೆರಳು ಕೀಲಿಗಳ ಮೇಲೆ ಕಾದವು.
ಅಲ್ಪವಿರಾಮಕ್ಕೊಂದು ಕೀಲಿಯಿದೆ,
ಹಣದ ಗುರುತಿಗೂ ಇದೆ,
ಇದಕ್ಕಿಲ್ಲ.
ಉತ್ತರವಿಲ್ಲ, ಎಂದರು ಅವರು. ಬಡಿದೆ.

ಕೊನೆಯ ಸಾಲು: ಉಪ್ಪಿನ ಕೋಣೆಯಲ್ಲಿ ಘಟನೆ ನಡೆಯಿತು.

ಸಂಜೆಯ ಟ್ರಾಮಿನಲ್ಲಿ ಆ ಸಾಲು ನನ್ನ ಪಕ್ಕವೇ ಕೂತಿತ್ತು.
ನಡೆಯಿತು ಅಂದರೇನು?
ಘಟನೆಗೆ ಕಾಲಿದೆಯೇ?
ಅದೇ ಎದ್ದು, ಬೂಟು ಮೆಟ್ಟಿ,
ಉಪ್ಪಿನ ಚೀಲಗಳನ್ನು ದಾಟಿ
ಒಳಗಿನಿಂದ ಅಗುಳಿ ಹಾಕಿತೇ?
ನಡೆದದ್ದು ಮೇಸ್ತ್ರಿ ವಾಲ್ದೆಮಾರ್.
ಅವನ ಹೆಸರು ನಾನು ಬಡಿದದ್ದು ಎರಡೇ ಸಲ:
ಮೊದಲ ಪುಟದಲ್ಲಿ, ಬಿಡುಗಡೆಯ ಪುಟದಲ್ಲಿ.
ಅವಳದು ಮೂವತ್ತೇಳು ಸಲ.

ಸಂಶಯದ ಲಾಭ ಅವನಿಗೆ ಸಿಕ್ಕಿತು.
ಲಾಭವೆಂದ ಮೇಲೆ ನಷ್ಟವೂ ಎಲ್ಲೋ ಇರಬೇಕಲ್ಲ;
ಯಾರ ಖಾತೆಗೆ ಎಂದು ಯಾರೂ ಬರೆಸಲಿಲ್ಲ.

ಬ್ರೆಡ್ಡಿನಂಗಡಿ, ಪಾಪ, ಅವನಿಗೂ ಹೆಣ್ಣುಮಕ್ಕಳಿದ್ದಾರೆ, ಎಂದಿತು.
ಪಾದ್ರಿ ಕ್ಷಮೆಯ ಬಗ್ಗೆ ಮಾತಾಡಿದರು, ಅವಳ ಕಡೆ ತಿರುಗಿ.
ನನ್ನ ತಂಗಿ, ಒಳ್ಳೆ ಹುಡುಗಿಯೇ, ಆದರೆ
ಎಂದು ಆ ಆದರೆಯಲ್ಲೇ ನಿಂತು ಈರುಳ್ಳಿ ಹೆಚ್ಚಿದಳು.
ನಾನೇನು ಮಾಡಿದೆ? ಕಾಗುಣಿತ ತಿದ್ದಿದೆ.
ಕಾರ್ಖಾನೆಯ ಹೆಂಗಸರು ಮಾತ್ರ
ಉಪ್ಪು ತರಲು ಈಗ ಇಬ್ಬಿಬ್ಬರಾಗಿ ಹೋಗುತ್ತಾರೆ.
ಎರಡನೆಯವಳ ಕಾಲು ಗಂಟೆಯ ಕೂಲಿಯನ್ನು
ವಾಲ್ದೆಮಾರ್ ಮುರಿದುಕೊಳ್ಳುತ್ತಾನೆ.
ಮುರಿಸಿಕೊಂಡೇ ಹೋಗುತ್ತಾರೆ.

ಮಾರ್ಚಿಯ ಒಂದು ಸೋಮವಾರ ಅರ್ಮಿಂದಾ ಮತ್ತೆ ಬಂದಳು.
ನಕಲು ಪ್ರತಿ ಬೇಕಂತೆ. ಸ್ಟಾಂಪಿನ ಹಣವನ್ನು
ಚಿಲ್ಲರೆಯಲ್ಲಿ ಎಣಿಸಿಟ್ಟಳು.
ನಿಂತೇ ಓದಿದಳು, ತುಟಿಯಾಡಿಸುತ್ತ,
ಶಾಲೆ ಬಿಟ್ಟವರು ಓದುವ ಹಾಗೆ, ನಿಧಾನ.
ಇದನ್ನೆಲ್ಲ ಹೇಳಿದವಳು ಯಾರು? ಎಂದಳು.

ನನ್ನಲ್ಲಿ ಉತ್ತರವಿಲ್ಲ.
(ಉತ್ತರವಿಲ್ಲ, ಎಂದು ಬಡಿಯುವವರೂ ಇರಲಿಲ್ಲ.)

ನನ್ನ ಕಿವಿಯ ಮೇಲಿನ ಪೆನ್ಸಿಲನ್ನು
ಕೇಳದೆ ಎಳೆದುಕೊಂಡಳು.
ದಾಖಲೆಯ ಮೇಲೆ ಬರೆಯುವುದು ಅಪರಾಧ:
ಗೋಡೆಯಲ್ಲಿ ಸೂಚನೆಯಿದೆ, ನಾನೇ ಬಡಿದು ಅಂಟಿಸಿದ್ದು.
ನಡೆಯಿತು ಎಂಬುದರ ಮೇಲೆ
ಅವಳ ಪೆನ್ಸಿಲ್ ಒಂದು ಕ್ಷಣ ನಿಂತಿತು.

ಕಪಾಟು ತೆರೆದು ಕೋರ್ಟಿನ ಮೂಲ ಪ್ರತಿ ತೆಗೆದೆ.
ಅವಳ ಹಾಳೆಯ ಅಡಿಗೆ ಕಾರ್ಬನ್,
ಕಾರ್ಬನ್ನಿನ ಅಡಿಗೆ ಅದು,
ಸಾಲಿಗೆ ಸಾಲು ಕೂಡಿಸಿ ಇಟ್ಟೆ.
ಒತ್ತಿ ಬರಿ, ಎಂದೆ.