ಸುಂಕದವರ ಮುಂದೆ ಮೂರು ನಿಮಿಷ

ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳಲೆಂದೇ
ಕರೆದ ಸಭೆ ಇದು. ನೋಟೀಸು ಹಚ್ಚಿದ್ದರು
ಬುಸಿಯಾ ಗಡಿಯ ಗೇಟಿಗೆ, ಶೌಚಾಲಯದ ಗೋಡೆಗೆ,
ಬಾಳೆಗೊನೆ ಇಳಿಸುವಲ್ಲಿನ ಬೇವಿನ ಮರಕ್ಕೆ:
‘ಸಾರ್ವಜನಿಕರು ಬರಬಹುದು, ಮಾತಾಡಬಹುದು.
ತಲೆಗೆ ಮೂರು ನಿಮಿಷ.’

ತಲೆಗೆ ಎಂದದ್ದು ಸರಿಯೇ.
ಬಂದವರ ತಲೆಯ ಮೇಲೆಲ್ಲ ಏನಾದರೊಂದು ಇತ್ತು:
ಒಮೆನಾ ಒಣಮೀನಿನ ಬುಟ್ಟಿ, ಮೊಟ್ಟೆಯ ಟ್ರೇಗಳು,
ಹಳೇ ಅಂಗಿಗಳ ಗಂಟು.
ಹೊರೆ ಹೊರಗಿಡಿ ಅಂದ ಬಾಗಿಲ ಕಾವಲಿನವ.
ಹೊರಗಿಟ್ಟರೆ ಕಾಯುವವರು ಯಾರು?
ಅಮೊಯಿಟ್ ಕೂತಳು ಅಲ್ಲೇ ಮೆಟ್ಟಿಲ ಮೇಲೆ,
ತನ್ನ ಮೂರು ನಿಮಿಷವನ್ನು
ಉಳಿದವರ ಗಂಟುಗಳ ಕಾವಲಿಗೆ ಕೊಟ್ಟು.

ನಡಾವಳಿ ಬರೆಯುವ ಕೆಲಸ ನನ್ನದು.
ಹಸಿ ಮಾತನ್ನು ಒಣಗಿಸಿ ಕಟ್ಟಿಡುವುದು;
ಹೆಚ್ಚೂಕಮ್ಮಿ ಮೀನಿನ ಕಸುಬೇ.

ಒಳಗೆ ಫ್ಯಾನು, ನೀರಿನ ಬಾಟಲು, ಗೋಡೆಯ ಮೇಲೆ
ಬಾಣದಿಂದ ಬಾಣಕ್ಕೆ ಹೋಗುವ ಒಂದು ಚಿತ್ರ.
ಅಧ್ಯಕ್ಷ ಮ್ವಾಂಗೆಮಿಯವರು ‘ಏಕ ಗವಾಕ್ಷಿ’ ಎಂದರು
ಹನ್ನೊಂದು ಸಲ. ಎಣಿಸುವುದು ನನ್ನ ಚಾಳಿ.
ಎಲ್ಲ ಇಲಾಖೆಗೂ ಒಂದೇ ಕಿಟಕಿ, ಒಂದೇ ಅರ್ಜಿ, ಒಂದೇ ಮೊಹರು.
ಲಾರಿ ಕಂಪನಿಯವರು ಚಪ್ಪಾಳೆ ತಟ್ಟಿದರು.
ಏಜೆಂಟರ ಸಂಘದವರು ಮೂರು ನಿಮಿಷಕ್ಕೆ
ಒಂಬತ್ತು ತೆಗೆದುಕೊಂಡರು. ಗಂಟೆ ಬಾರಿಸಲಿಲ್ಲ.

ಆಮೇಲೆ ಎದ್ದಳು ಪೆರ್ಪೆಚುವಾ ಅಜಿಯಾಂಬೊ.
ಅಷ್ಟು ಗಿಡ್ಡ; ಎದ್ದಳೋ ಇಲ್ಲವೋ ಎಂದು
ಅಧ್ಯಕ್ಷರು ಕತ್ತು ಚಾಚಿದರು.
ಹಣೆಗೆ ತಾಗುತ್ತಿದ್ದ ಮೈಕನ್ನು ತಾನೇ ಬಗ್ಗಿಸಿಕೊಂಡಳು.

‘ಒಂದೇ ಕಿಟಕಿ, ಒಳ್ಳೇದೇ. ಆದರೆ ಸ್ವಾಮಿ,
ಅದನ್ನ ಇಟ್ಟಿರೋದು ಲಾರಿ ಡ್ರೈವರು ಕೂತ ಎತ್ತರಕ್ಕೆ.
ನಡೆದು ಬರೋಳು ನಾನು. ಚೀಟಿ ಮೇಲೆತ್ತಿ ಹಿಡೀತೀನಿ,
ಮಗು ಸಕ್ಕರೆ ಡಬ್ಬಿಗೆ ಕೈ ಚಾಚೋ ಹಾಗೆ.
ಮೇಲಿಂದ ಒಂದು ಕೈ ಬರುತ್ತೆ, ತಗೊಳ್ಳುತ್ತೆ.
ಮೊಹರಿನ ಸದ್ದು ಕೇಳುತ್ತೆ, ಇಲ್ಲಾ ಕೇಳಲ್ಲ.
ಕೇಳದ ದಿನ, ಯಾಕೆ ಅಂತ ಯಾರನ್ನ ಕೇಳಲಿ?
ನಾಲ್ಕು ವರ್ಷ ಆಯ್ತು, ಮುಖ ನೋಡಿಲ್ಲ. ಕೈ ಗೊತ್ತು.
ಕಿರುಬೆರಳಲ್ಲಿ ಹಸಿರು ಕಲ್ಲಿನ ಉಂಗುರ.
ಬೆಳಿಗ್ಗೆ ಸಾಬೂನಿನ ವಾಸನೆ, ಮಧ್ಯಾಹ್ನ ಕಳೆದರೆ
ನನ್ನ ಮೀನಿನದೇ ವಾಸನೆ.’

ಸಭೆ ನಕ್ಕಿತು. ಎರಡನೇ ಸಾಲಿನಲ್ಲಿ ಒಬ್ಬರು
ಚಹದ ಕಪ್ಪನ್ನು ಎಡಗೈಗೆ ದಾಟಿಸಿ
ಬಲಗೈಯನ್ನು ಮೇಜಿನ ಕೆಳಗಿಳಿಸಿದರು.
ಅವಳು ನೋಡಿದಳು.
‘ಅಂಥ ಉಂಗುರ ಎಷ್ಟೋ ಜನ ಹಾಕ್ತಾರೆ, ಬಿಡಿ’ ಅಂದಳು.
ಉಳಿದ ಐವತ್ತು ಸೆಕೆಂಡು ಸುಮ್ಮನೆ ನಿಂತಳು.
ಗಂಟೆಯ ಹುಡುಗ ಗಡಿಯಾರ ನೋಡಿದ, ನನ್ನ ನೋಡಿದ:
ಮೌನವನ್ನೂ ಅವಳ ಲೆಕ್ಕಕ್ಕೆ ಹಿಡಿಯಬೇಕೇ?
ಹಿಡಿದ.

ನಾನು ಬರೆದೆ: ‘ಸಾರ್ವಜನಿಕರೊಬ್ಬರು ಮೂಲಸೌಕರ್ಯ ಕುರಿತು
ಸಲಹೆ ನೀಡಿದರು. ದಾಖಲಿಸಲಾಯಿತು.’
ಉಂಗುರಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಎರಡು ತಿಂಗಳು ಕಿಟಕಿ ಇದ್ದಲ್ಲೇ ಇತ್ತು.
ಮೂರನೇ ತಿಂಗಳು ಅದರ ಕೆಳಗೆ
ಸೋಡಾ ಬಾಟಲಿಯ ಕ್ರೇಟೊಂದು, ಬೋರಲು.
ಯಾರಿಟ್ಟರೋ.
ಅಮೊಯಿಟ್ ಹತ್ತಿದಳು, ಮೊಟ್ಟೆ ಸಮೇತ.
ಅಜಿಯಾಂಬೊ ಹತ್ತಿ, ಗಲ್ಲವನ್ನು ಕಿಟಕಿಯ ಅಂಚಿಗಿಟ್ಟು
‘ಓ, ನಿಮಗೆ ಕನ್ನಡಕ ಬೇರೆ ಇದೆಯಲ್ಲ’ ಅಂದಳಂತೆ.

ಮುಂದಿನ ಸಭೆ, ವಿಷಯಪಟ್ಟಿ, ಏಳನೆಯದು:
ಸದರಿ ಕ್ರೇಟಿನ ಮೇಲೆ ಗಡಿಯಾಚೆ ಉಗಾಂಡಾದ ಕಂಪನಿಯ ಹೆಸರಿದೆ.
ಯಾವ ಶೀರ್ಷಿಕೆಯಡಿ ಒಳಬಂತು? ಸುಂಕ ಕಟ್ಟಿದವರು ಯಾರು?
ಸಾರ್ವಜನಿಕರು ಬರಬಹುದು, ಮಾತಾಡಬಹುದು.

ಬೇವಿನ ಮರಕ್ಕೆ ಈ ಸಲ ನೋಟೀಸು ಹಚ್ಚಲು ನಾನೇ ಹೋದೆ.
ಹಳೆಯ ಮೊಳೆ ಬಿಟ್ಟು ಎರಡು ಗೇಣು ಕೆಳಗೆ ಹಚ್ಚಿದೆ.
ಮಳೆ ಬಂದರೆ ಕೆಸರು ಸಿಡಿಯುತ್ತೆ ಅಂತ
ಕಾವಲಿನವ ಗೊಣಗಿದ.