ಬೀಳುವ ಪಾಠ

ಗುರುವಾರ ಹತ್ತು ಗಂಟೆಗೆ, ಸುಂಟಿಕೊಪ್ಪದಲ್ಲಿ,
ಹಿಂದೆ ಕಾಪಿ ಮೂಟೆ ಪೇರಿಸುತ್ತಿದ್ದ ಗೋದಾಮಿನೊಳಗೆ
ನಮಗೆ ಬೀಳುವುದನ್ನು ಕಲಿಸುತ್ತಾರೆ.

ಬೋರ್ಡಿನಲ್ಲಿ ಬೀಳದಿರುವುದನ್ನು ಎಂದಿದೆ.
ಆದರೆ ಫಿಸಿಯೊ ಹುಡುಗಿ ಲಿಖಿತಾ
ಮೊದಲ ದಿನವೇ ನಿಜ ಹೇಳಿಬಿಟ್ಟಳು:
"ಬೀಳ್ತೀರಿ. ಒಂದಲ್ಲ ಒಂದು ದಿನ ಎಲ್ಲರೂ.
ಬಿದ್ದ ಮೇಲೆ ಏನ್ಮಾಡ್ತೀರಿ, ಅದು ಹೇಳಿ."
ಯಾರೂ ಹೇಳಲಿಲ್ಲ. ಎಲ್ಲರ ಕಣ್ಣೂ
ಹವಾಲ್ದಾರ್ ಬಿದ್ದಪ್ಪನವರ ಕಡೆ ಹೋಯಿತು,
ಪಾಪ, ಹೆಸರಿನ ತಪ್ಪಿಗೆ.

ಕುರ್ಚಿಗಳು ಮರಣ ನಿಧಿ ಸಂಘದವು.
ಬೆನ್ನಿಗೆ ಹಾಗಂತ ಬಿಳಿ ಬಣ್ಣದಲ್ಲಿ ಬರೆದಿದೆ.
ಅದನ್ನೇ ಹಿಡಿದುಕೊಂಡು ಹಿಮ್ಮಡಿ ಎತ್ತುತ್ತೇವೆ,
ಇಳಿಸುತ್ತೇವೆ, ಹತ್ತು ಸಲ.

ನಾನು ಕಂಡಕ್ಟರು. ಮೂವತ್ತೊಂದು ವರ್ಷ
ಮಾದಾಪುರದ ಮೇಲೆ ಸೋಮವಾರಪೇಟೆಗೆ
ಕಂಬಿ ಹಿಡಿಯದೆ ಚಿಲ್ಲರೆ ಎಣಿಸಿದವನು.
ಯಾವ ತಿರುವಿಗೆ ಯಾವ ಮೊಣಕಾಲು ಸಡಿಲ ಬಿಡಬೇಕು
ಈಗಲೂ ಪಾದಕ್ಕೆ ಬಾಯಿಪಾಠ.
ಒಂಟಿಕಾಲಲ್ಲಿ ನಿಲ್ಲಿ ಎಂದಾಗ
ನಲವತ್ತು ಸೆಕೆಂಡು ನಿಂತು ಕೊಂಚ ಬೀಗಿದೆ.
ಪಕ್ಕದಲ್ಲಿ ಏಣಿ ಚಾತ
ಐವತ್ತು ನಿಂತು
ಆಕಳಿಸಿದ.

ಸಿಲ್ವರ್ ಮರಕ್ಕೆ ಒಂಟಿ ಬಿದಿರು ಒರಗಿಸಿ
ಮೂವತ್ತಡಿ ಮೇಲೆ ಮೆಣಸು ಕೊಯ್ದವನು,
ಅಲ್ಲಿಂದ ಒಮ್ಮೆಯೂ ಬಿದ್ದಿಲ್ಲವಂತೆ.
ಬಿದ್ದದ್ದು ಹೋದ ವರ್ಷ, ನೆಲದಿಂದ ನೆಲಕ್ಕೇ,
ನಲ್ಲಿ ಕಟ್ಟೆಯ ಗೇಣಗಲ ಪಾಚಿಯಲ್ಲಿ.
"ಮರ ಮೋಸ ಮಾಡಲ್ಲ" ಎಂದ.
ಆಮೇಲೆ ಆ ಸೊಂಟ ಮುಟ್ಟಿ ನೋಡಿಕೊಂಡ.

ಕೊನೆಗೆ ಚಾಪೆ. ಮಲಗಬೇಕು, ಏಳಬೇಕು.
ಒಣಮೀನಿನ ಕುಂಞಾಮಿನ ಮೊದಲು ಇಳಿದಳು,
ತಲೆಬಟ್ಟೆ ಸಿಕ್ಕಿಸಿಕೊಂಡು, ನಗುತ್ತಾ, ಶಪಿಸುತ್ತಾ.
ಮಗ್ಗುಲು. ಮೊಣಕೈ. ಎರಡು ಮಂಡಿ.
ಅಂಬೆಗಾಲಲ್ಲಿ ಕುರ್ಚಿಯವರೆಗೆ.
ಒಂದು ಪಾದ ಮುಂದೆ. ಒತ್ತು. ಏಳು.
ಎದ್ದವಳಿಗೆ ಉಸಿರಿಗಿಂತ ಮೊದಲು ಮಾತು ಬಂತು:
"ಇಷ್ಟೇನಾ?"

ಬಿದ್ದಪ್ಪನವರು ಮಾತ್ರ ಇಳಿಯಲಿಲ್ಲ.
"ಎಪ್ಪತ್ತೊಂದರ ಲಡಾಯಿಯಲ್ಲಿ ಮಲಗು ಅಂದರು, ಮಲಗಿದೆ.
ಇನ್ನು ಯಾರ ಆರ್ಡರಿಗೂ ಇಲ್ಲ."
ಐದು ವಾರ ಕುರ್ಚಿಯಲ್ಲೇ ಕೂತು
ನಮ್ಮ ಮಂಡಿಗಳ ತಪ್ಪು ತಿದ್ದಿದರು.
ಹೆಸರುಕಾಳಿನ ಉಸಲಿ ತಿಂದು, ಬಿಪಿ ಬರೆಸಿ,
ಟೊಪ್ಪಿಗೆ ಸರಿಮಾಡಿಕೊಂಡು ಹೋದರು.

ಆರನೆಯ ವಾರದ ಭಾನುವಾರ, ಸಂತೆ.
ಮೀನಿನ ಐಸು ಕರಗಿ ಹರಿದ ಕಡೆ
ಅವರ ಬೂಟು ಜಾರಿತು.
ಒಂದು ಕಿಲೋ ಮತ್ತಿ ಬೆಳ್ಳಗೆ ಚೆಲ್ಲಿತು.
ಹುಡುಗರು ನಾಲ್ಕು ಕಡೆಯಿಂದ ಓಡಿದರು.
ಬಿದ್ದಲ್ಲಿಂದಲೇ ಅಂಗೈ ಎತ್ತಿದರು ಹವಾಲ್ದಾರರು:
"ಯಾರೂ ಮುಟ್ಟಬೇಡಿ."

ಸುಮ್ಮನೆ ಮಲಗಿದರು ಸ್ವಲ್ಪ ಹೊತ್ತು.
ಎಡಪಾದ ಆಡಿಸಿದರು. ಬಲಪಾದ.
ಮಗ್ಗುಲು. ಮೊಣಕೈ.
ಸಂತೆಯೇ ತಕ್ಕಡಿ ಹಿಡಿದು ನಿಂತಿತ್ತು.
ಕುಂಞಾಮಿನ ತನ್ನ ಮಣೆಸ್ಟೂಲನ್ನು
ಸೆರಗಿನಿಂದ ಒರೆಸಿ, ಕಾಲಲ್ಲಿ ಮುಂದೆ ತಳ್ಳಿದಳು,
ಕೈ ಕೊಡಲಿಲ್ಲ. ಅದೇ ಅವಳ ಮರ್ಯಾದೆ.
ಎರಡು ಮಂಡಿ. ಒಂದು ಪಾದ ಮುಂದೆ.
ಜೀಪ್ ಸ್ಟ್ಯಾಂಡಿನಿಂದ ನನಗೇ ತಿಳಿಯದೆ
ಬಾಯಿಗೆ ಬಂದುಬಿಟ್ಟಿತು: "ರೈಟ್!"
ಎದ್ದರು.
ಮತ್ತಿ ಏಳಲಿಲ್ಲ. ಬೇರೆ ಕೊಂಡರು,
ಚೌಕಾಸಿ ಸಹಿತ.

ಗುರುವಾರ ಯಾರೊಡನೆಯೂ ಮಾತಿಲ್ಲ.
ಟೊಪ್ಪಿಗೆ ಕುರ್ಚಿಗಿಟ್ಟು ತಾವೇ ಚಾಪೆ ಬಿಡಿಸಿದರು,
ಮಲಗಿದರು, ಏಳಲಿಲ್ಲ.
ಲಿಖಿತಾ ಗಾಬರಿಯಾಗಿ ಬಗ್ಗಿದಳು.
"ಅಲ್ಲಿ ನೋಡು," ಅಂದರು, ಮಾಡಿನ ಕಡೆ ಬೆರಳು ಮಾಡಿ,
"ಜಂತೆಯ ಮೇಲೆ ಏನೋ ಬರೆದಿದೆ."

ನಿಂತವರಿಗೆ ಕಾಣಲಿಲ್ಲ. ಮಲಗಬೇಕಾಯಿತು.
ಒಬ್ಬೊಬ್ಬರಾಗಿ ಇಳಿದೆವು.
ಸುಣ್ಣದ ಗೀಟುಗಳು, ಐದೈದರ ಕಟ್ಟು,
ಜಂತೆಯುದ್ದಕ್ಕೂ ಮೂಟೆ ಲೆಕ್ಕ.
"ನಾನೇ ಹಾಕಿದ್ದು," ಎಂದ ಚಾತ ಮೆಲ್ಲಗೆ,
"ಆಗ ಮೂಟೆ ಅಲ್ಲೀತನಕ ಇರ್ತಿತ್ತು,
ಮೇಲೆ ನಿಂತು ಬರೀತಿದ್ದೆ."

ಎಣಿಸತೊಡಗಿದೆವು.
ಹನ್ನೊಂದೂವರೆಗೆ ಲಿಖಿತಾ ಗಡಿಯಾರ ನೋಡಿದಳು,
ನಮ್ಮನ್ನು ನೋಡಿದಳು,
ಕಾಲುಚೀಲ ಕಳಚಿ ತಾನೂ ಮಲಗಿದಳು.